ವೇಷವೂ ಧೈರ್ಯವೂ

ಗಂಡಸೊಬ್ಬನು ಸೀರೆಯುಟ್ಟು ಮೊದಲ ಸಲ ಬೀದಿಗಿಳಿಯಬೇಕಾದರೆ ಧೈರ್ಯ ಬೇಕು. ಆ ಧೈರ್ಯವನ್ನು ಅವನೇ ಸಂಪಾದಿಸಿಕೊಳ್ಳಲಿ, ಅದು ಅವನ ಮನೋದಾರ್ಢ್ಯಕ್ಕೆ ಸೇರಿದ ಮಾತು ಎಂದು ಉಪದೇಶಿಸುವವರು ಈಚೆಗೆ ಹೆಚ್ಚಾಗಿದ್ದಾರೆ. ಇವರಿಗೆ ಎದುರಾಗಿ, ಅಂಥವನು ಬೀದಿಗೇ ಬರಕೂಡದೆಂಬ ಪಕ್ಷದವರಿದ್ದಾರೆ. ಇಬ್ಬರೂ ಒಂದು ಸಂಗತಿಯನ್ನು ಮರೆತಿದ್ದಾರೆ. ಉಡುವವನ ಎದೆಯಲ್ಲಿ ಧೈರ್ಯವೆಷ್ಟಿದ್ದರೂ, ನೋಡುವವರ ಕಣ್ಣಿನಲ್ಲಿ ಮರ್ಯಾದೆಯಿಲ್ಲದಿದ್ದರೆ ಅದು ಓಣಿಯ ತಿರುವಿನವರೆಗೂ ಬಾಳದು.

ಮೊದಲು ನಿಷೇಧಪಕ್ಷದವರ ಮಾತನ್ನು ನೋಡೋಣ. ಇದು ನಮ್ಮ ಸಂಪ್ರದಾಯಕ್ಕೆ ಹೊರಗಾದದ್ದೆಂದು ಅವರ ಆಕ್ಷೇಪ. ಯಾವ ಸಂಪ್ರದಾಯಕ್ಕೆ? ಭರತನ ನಾಟ್ಯಶಾಸ್ತ್ರವು ಪುರುಷನು ಸ್ತ್ರೀಭಾವವನ್ನು ತಾಳುವ ಪ್ರಯೋಗವನ್ನು ಲಕ್ಷಣಬದ್ಧವಾಗಿ ಎಣಿಸಿ, ಅದಕ್ಕೊಂದು ಹೆಸರನ್ನೂ ಇಟ್ಟಿದೆ. ಕರಾವಳಿಯ ಯಕ್ಷಗಾನದಲ್ಲಿ ದ್ರೌಪದಿ, ದಮಯಂತಿ, ಮೋಹಿನಿಯರನ್ನು ತಲೆಮಾರುಗಳಿಂದ ಕಾಣಿಸಿದವರು ಗಂಡಸರೇ. ಬೆಳತನಕ ಕುಳಿತು ಅದನ್ನು ನೋಡಿದ ಮಕ್ಕಳು ಯಾರೂ ಕೆಟ್ಟುಹೋದಂತೆ ಕಾಣದು. ಮರಾಠಿ ರಂಗಭೂಮಿಯ ಬಾಲಗಂಧರ್ವರು (1888–1967) ಉಟ್ಟ ಸೀರೆಯ ರೀತಿಯನ್ನು, ಮುಡಿದ ಹೂವಿನ ರೀತಿಯನ್ನು ಕುಲೀನ ಗೃಹಿಣಿಯರೇ ಅನುಸರಿಸಿದರೆಂಬುದು ಪ್ರಸಿದ್ಧ.

ಇನ್ನು ವಿರಾಟಪರ್ವ. ಬಿಲ್ಲಿನ ಹೆದೆಯುಜ್ಜಿ ಕಲೆಗಟ್ಟಿದ ತೋಳುಗಳನ್ನು ಬಳೆಗಳಿಂದ ಮರೆಸಿ, ಜಡೆ ಹೆಣೆದು, ಕುಂಡಲವಿಟ್ಟು ಅರ್ಜುನನು ಬೃಹನ್ನಳೆಯಾಗಿ ರಾಜಸಭೆಗೆ ನಡೆದನು. ವಿರಾಟನಿಗೆ ಸಂಶಯ ಬಾರದಿರಲಿಲ್ಲ. ಆದರೂ ಅವನು ವಿದ್ಯೆಯನ್ನು ಪರೀಕ್ಷಿಸಿ, ಮಗಳ ನೃತ್ಯಶಿಕ್ಷಣವನ್ನು ಒಪ್ಪಿಸಿದನು. ಗಾಂಡೀವಿಗೂ ಆಶ್ರಯವಿತ್ತವನೊಬ್ಬನು ಬೇಕಾಯಿತು! ಮುಂದೆ ಓಡಿಹೋಗುತ್ತಿದ್ದ ಉತ್ತರಕುಮಾರನನ್ನು ಹಿಡಿಯಲು ಅದೇ ಬೃಹನ್ನಳೆಯು ಜಡೆಯನ್ನೂ ಸೆರಗನ್ನೂ ಹಾರಿಸುತ್ತ ಧಾವಿಸಿದಾಗ ಕೌರವಸೇನೆಯ ಭಟರು ನಕ್ಕರು. ಅವರ ನಗೆ ಎಷ್ಟು ಹೊತ್ತು ಉಳಿಯಿತೆಂಬುದನ್ನು ವಾಚಕರು ಬಲ್ಲರು.

ರಂಗದ ಮಾತು ರಂಗಕ್ಕೆ, ಬೀದಿಯ ಮಾತು ಬೀದಿಗೆ ಎಂದು ಈಗ ಅವರು ಜಾರಿಕೊಳ್ಳುತ್ತಾರೆ. ಬೀದಿಯಲ್ಲಿ ಇದನ್ನು ಅಪರಾಧವೆಂದು ಬರೆದಿಟ್ಟವರು ಯಾರು? 1871ರಲ್ಲಿ ಆಂಗ್ಲ ಸರ್ಕಾರವು ಮಾಡಿದ ಅಪರಾಧಿ ಬುಡಕಟ್ಟುಗಳ ಶಾಸನವು, ಪಟ್ಟಿಯಲ್ಲಿ ನಮೂದಾದ ನಪುಂಸಕರು ಹೆಣ್ಣುಡುಗೆಯಲ್ಲಿ ಸಾರ್ವಜನಿಕ ಬೀದಿಯಲ್ಲಿ ಕಾಣಿಸಿದರೆ ವಾರಂಟಿಲ್ಲದೆ ಹಿಡಿದು, ಎರಡು ವರ್ಷದವರೆಗೆ ಸೆರೆಗೆ ಹಾಕಬಹುದೆಂದಿತು. ಪರದೇಶಿಯ ಶಾಸನದ ಕಲ್ಮಷವನ್ನು ಋಷಿಗಳ ತಲೆಗೆ ಕಟ್ಟುವುದು ಯಾವ ಪಾಂಡಿತ್ಯ? ಸ್ವತಂತ್ರ ಭಾರತದ ಸುಪ್ರೀಂ ಕೋರ್ಟು 2014ರ ತೀರ್ಪಿನಲ್ಲಿ ಉಡುಗೆಯಿಂದ ತನ್ನ ಲಿಂಗಭಾವವನ್ನು ವ್ಯಕ್ತಪಡಿಸುವುದು ಸಂವಿಧಾನವು ಕೊಟ್ಟ ವಾಕ್‌ಸ್ವಾತಂತ್ರ್ಯದೊಳಗೆ ಸೇರಿದ್ದೆಂದಿದೆ. ಜೋಗತಿ ಮಂಜಮ್ಮನವರಿಗೆ 2021ರಲ್ಲಿ ಪದ್ಮಶ್ರೀ ಘೋಷಿತವಾಯಿತು. ಅವರದು ವೇಷವಲ್ಲ, ಬಾಳು, ಎರಡನ್ನೂ ಬೆರಸಬಾರದು. ಆದರೆ ಬೀದಿಯ ಹೀಯಾಳಿಕೆಯು ಈ ಭೇದವನ್ನು ಕೇಳಿ ಬೈಯುವುದಿಲ್ಲ.

ಇನ್ನು ಧೈರ್ಯೋಪದೇಶಕರು. ಇವರು ಕೇರಳದ ಕೊಲ್ಲಂ ಜಿಲ್ಲೆಯ ಚವರಕ್ಕೆ ಒಮ್ಮೆ ಹೋಗಿಬರಲಿ. ಅಲ್ಲಿನ ಕೊಟ್ಟಂಕುಳಂಗರ ದೇವಿಯ ಗುಡಿಯಲ್ಲಿ ಮೀನಮಾಸದ ಹತ್ತನೆಯ ಹನ್ನೊಂದನೆಯ ದಿನಗಳಲ್ಲಿ ಸಾವಿರಾರು ಗಂಡಸರು ಸೀರೆಯುಟ್ಟು, ಹೂಮುಡಿದು, ದೀಪ ಹಿಡಿದು ನಿಲ್ಲುತ್ತಾರೆ. ಮೊದಲ ಸಲ ಬಂದ ಅಂಜುಬುರುಕನ ನೆರಿಗೆಯನ್ನು ತಾಯಿಯೋ ಹೆಂಡತಿಯೋ ತಿದ್ದುತ್ತಾಳೆ, ಬಣ್ಣ ಹಚ್ಚುವವರು ಗುಡಿಯ ಹತ್ತಿರವೇ ಇರುತ್ತಾರೆ, ನಗುವವರಿಲ್ಲ. ಅಲ್ಲಿ ಅಂಜಿಕೆಯನ್ನು ಕಳೆದದ್ದು ಯಾರ ಮನೋದಾರ್ಢ್ಯ? ತಾಯಿಯ ಕೈಯ ಪಿನ್ನು, ನೆರೆಯವನ ಸುಮ್ಮನಿರುವಿಕೆ!

ಹಾಗೆಂದು ಕಲಿಯುವವನಿಗೆ ಕಲಿಕೆ ಬೇಡವೆಂದಲ್ಲ. ಸ್ತ್ರೀವೇಷದ ಕಲಾವಿದನು ಒಂದೇ ದಿನದಲ್ಲಿ ರಂಗಕ್ಕೆ ಬರುವನೆ? ಹೆಜ್ಜೆ, ಕೊರಳಿನ ಓರೆ, ಸೆರಗಿನ ನಿಲುವು ಇವಕ್ಕೆ ಬಹುಕಾಲ ಹಿಡಿಯುತ್ತದೆ. ಬೀದಿಗಿಳಿಯುವವನೂ ಮೊದಲು ಮನೆಯೊಳಗೆ ಸೀರೆಯಲ್ಲೇ ಕೆಲಸಮಾಡಲಿ, ಮೆಟ್ಟಿಲು ಹತ್ತಿ ಇಳಿಯಲಿ. ನೆರಿಗೆ ಕಾಲಿಗೆ ತೊಡರದಷ್ಟು ಎತ್ತರಕ್ಕೆ ಉಡಲಿ. ಪಾದರಕ್ಷೆ ಚಪ್ಪಟೆಯಾಗಿರಲಿ, ಎತ್ತರದ ಹಿಮ್ಮಡಿಯ ಮೋಹದಿಂದ ಮೊದಲ ದಿನವೇ ಕಾಲು ಉಳುಕಿಸಿಕೊಳ್ಳುವುದು ಬೇಡ. ವಯಸ್ಸಿಗೂ ಸಮಯಕ್ಕೂ ತಕ್ಕ ಸಾಧಾರಣ ಸೀರೆಯೇ ಸಾಕು: ತರಕಾರಿಯಂಗಡಿಗೆ ಮದುವೆಯ ಸೀರೆಯುಟ್ಟು ಹೋದರೆ ಹೆಂಗಸನ್ನೂ ಜನ ತಿರುಗಿ ನೋಡುತ್ತಾರೆ. ಮೊದಲ ಸಂಚಾರವು ಗಳಿಗೆ ಹೊತ್ತಿನದಾಗಿ, ಪರಿಚಿತವಾದ, ಜನವಿರುವ ಹಾದಿಯಲ್ಲಿ, ನಂಬಿಕೆಯ ಸ್ನೇಹಿತನೊಬ್ಬನ ಜೊತೆಯಲ್ಲಿ ಆಗಲಿ. ಯಾರಾದರೂ ದಿಟ್ಟಿಸಿದರೆ ತಲೆ ತಗ್ಗಿಸದೆ, ಕೆರಳದೆ ಮುಂದೆ ನಡೆಯುವುದು ಲೇಸು. ಕೈಮಾಡಿದರೆ ಸ್ಥಳ ಬಿಟ್ಟು ಹೊರಡುವುದು ಹೇಡಿತನವಲ್ಲ.

ಇಷ್ಟು ಅವನ ಪಾಲಿನದು. ಉಳಿದ ಪಾಲು ಓಣಿಯ ಕಟ್ಟೆಯ ಮೇಲೆ ಕುಳಿತವರದು. ರಾತ್ರಿ ಟಿಕೇಟು ಕೊಂಡು ದಮಯಂತಿಗೆ ಕಣ್ಣೀರಿಟ್ಟು, ಬೆಳಗ್ಗೆ ಅದೇ ಉಡುಗೆಯ ನೆರೆಯ ಹುಡುಗನಿಗೆ ಸಿಳ್ಳು ಹಾಕುವ ರಸಿಕರು, ತಾವು ರಾತ್ರಿ ಅತ್ತದ್ದು ಯಾರಿಗಾಗಿ ಎಂಬುದನ್ನು ಮೊದಲು ಹೇಳಲಿ.