ಮರಳು ಪುಕ್ಕಟೆ, ಕರೆಂಟ್ ಪುಕ್ಕಟೆಯಲ್ಲ

ಕಳೆದ ಸೆಮಿಸ್ಟರ್‌ನಲ್ಲಿ ನಾನು ಸೆಮಿನಾರ್‌ಗೆ ಆರಿಸಿಕೊಂಡ ವಿಷಯ, ಮರುಭೂಮಿಯ ಮರಳಿನಿಂದ ಸೋಲಾರ್ ಪ್ಯಾನಲ್. ಮರಳೆಂದರೆ ಸಿಲಿಕಾ, ಸಿಲಿಕಾದೊಳಗೆ ಸಿಲಿಕಾನ್, ಇನ್ನೇನು ಬೇಕು ಎಂಬ ಧಾಟಿಯಲ್ಲಿ ಹತ್ತು ನಿಮಿಷ ಮಾತಾಡಿದೆ. ಹಿಂದಿನ ಬೆಂಚಿನಲ್ಲಿದ್ದ ಮೇಡಂ ಒಂದೇ ಪ್ರಶ್ನೆ ಕೇಳಿದರು: 'ಅದರಲ್ಲಿ ಬೋರಾನ್ ಎಷ್ಟಿದೆ?' ನನಗೆ ಗೊತ್ತಿರಲಿಲ್ಲ. ಅದನ್ನು ತಿಳಿದಿರಬೇಕು ಎಂಬುದೂ ಗೊತ್ತಿರಲಿಲ್ಲ.

ಕನಸು ನನ್ನೊಬ್ಬನದಲ್ಲ ಬಿಡಿ. ಜಪಾನಿನ ವಿಜ್ಞಾನಿ ಹಿಡೆಯೋಮಿ ಕೊಯಿನುಮಾ 'ಸಹಾರಾ ಸೋಲಾರ್ ಬ್ರೀಡರ್' ಎಂಬ ಯೋಜನೆ ಮುಂದಿಟ್ಟರು. 2010ರ ಹೊತ್ತಿಗೆ ಜಪಾನ್ ಮತ್ತು ಅಲ್ಜೀರಿಯಾದ ವಿಶ್ವವಿದ್ಯಾಲಯಗಳು ಸೇರಿ ಸಂಶೋಧನೆಗೆ ಇಳಿದವು. ಮರುಭೂಮಿಯಲ್ಲೇ ಕಾರ್ಖಾನೆ ಕಟ್ಟಿ ಅಲ್ಲಿನ ಮರಳಿನಿಂದ ಪ್ಯಾನಲ್ ಮಾಡುವುದು, ಆ ಪ್ಯಾನಲ್‌ಗಳ ಕರೆಂಟಿನಿಂದ ಇನ್ನೊಂದು ಕಾರ್ಖಾನೆ ನಡೆಸುವುದು. ಕೋಳಿಯಿಂದ ಮೊಟ್ಟೆ, ಮೊಟ್ಟೆಯಿಂದ ಕೋಳಿ ಎಂಬಂತೆ!

ಆದರೆ ಮರುಭೂಮಿಯ ಮರಳೆಲ್ಲ ಒಂದೇ ಅಲ್ಲ. ಅಮೆರಿಕದ ವೈಟ್ ಸ್ಯಾಂಡ್ಸ್‌ನ ಬಿಳಿ ದಿಬ್ಬಗಳು ಬರೀ ಜಿಪ್ಸಮ್. ಪ್ಯಾನಲ್‌ಗೆ ಅವು ದಂಡ. ಸಹಾರಾದ ಮರಳಿನ ಕೆಂಪು ಛಾಯೆ ಕಬ್ಬಿಣದ ಆಕ್ಸೈಡಿನದು. ಕಬ್ಬಿಣವೇನೂ ಅಷ್ಟು ಹಟಮಾರಿಯಲ್ಲ. ಆಮ್ಲದಲ್ಲಿ ತೊಳೆದರೆ ಬಹಳಷ್ಟು ಹೋಗುತ್ತದೆ, ಕರಗಿದ ಸಿಲಿಕಾನ್ ನಿಧಾನವಾಗಿ ಗಟ್ಟಿಯಾಗುವಾಗ ಉಳಿದದ್ದೂ ದ್ರವದಲ್ಲೇ ಹಿಂದುಳಿಯುತ್ತದೆ. ಬೋರಾನ್ ಮತ್ತು ರಂಜಕ ಹಾಗಲ್ಲ, ಸಿಲಿಕಾನ್ ಜೊತೆಗೇ ಗಟ್ಟಿಯಾಗಿ ಕೂತುಬಿಡುತ್ತವೆ. ಸೋಲಾರ್ ದರ್ಜೆಗೆ ಬೋರಾನ್ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಇರಬೇಕು. ಮೇಡಂ ಪ್ರಶ್ನೆಯ ಹುರುಳು ಇದು.

ಇನ್ನು ಕುಲುಮೆಯ ಮಾತು. ಸುಮಾರು 2000 ಡಿಗ್ರಿಯ ಆರ್ಕ್ ಕುಲುಮೆಗೆ ಹಾಕುವುದು ಮುಷ್ಟಿಗಾತ್ರದ ಬೆಣಚುಕಲ್ಲು ಮತ್ತು ಇದ್ದಿಲು ಅಥವಾ ಕಲ್ಲಿದ್ದಲು. ನಡುವಿನ ಸಂದಿಗಳಲ್ಲಿ ಅನಿಲ ಹರಿಯಬೇಕು. ಉರಿಯುವ ಒಲೆಗೆ ಮೊರ ತುಂಬ ಹೊಟ್ಟು ಸುರಿದರೆ ಏನಾಗುತ್ತದೋ, ನುಣ್ಣನೆ ಮರಳು ಸುರಿದರೂ ಅದೇ ಗತಿ. ಹಾಗಾಗಿ ಮರಳನ್ನು ಮೊದಲು ಉಂಡೆ ಕಟ್ಟಬೇಕು, ಅಂಟಿಸಲು ಬಳಸುವ ವಸ್ತುವೂ ಶುದ್ಧವಾಗಿರಬೇಕು.

ಕುಲುಮೆಯಿಂದ ಬಂದದ್ದನ್ನು ಅನಿಲವಾಗಿಸಿ, ಬಟ್ಟಿ ಇಳಿಸಿ ಶುದ್ಧ ಮಾಡಬಹುದಲ್ಲ ಎಂದು ಕೇಳಬಹುದು. ಹೌದು, ಸೀಮೆನ್ಸ್ ವಿಧಾನ ಅದೇ, ಬೋರಾನ್ ಕೂಡ ಹೋಗುತ್ತದೆ. ಆದರೆ ಲೆಕ್ಕ ನೋಡಿ. ಒಂದು ಕೆಜಿ ಸಿಲಿಕಾನ್‌ಗೆ ಸೂತ್ರದ ಪ್ರಕಾರ ಬೇಕಾಗುವ ಸಿಲಿಕಾ 2.14 ಕೆಜಿ. ಕರೆಂಟ್ ಮಾತ್ರ ಕುಲುಮೆಗೇ 11ರಿಂದ 13 ಯೂನಿಟ್, ಶುದ್ಧೀಕರಣಕ್ಕೆ ಮತ್ತೆ 50 ಯೂನಿಟ್ ಆಸುಪಾಸು. ಎರಡು ಕೆಜಿ ಕಲ್ಲಿನ ಬದಲು ಎರಡು ಕೆಜಿ ಪುಕ್ಕಟೆ ಮರಳು ಹಾಕಿ ಉಳಿಸುವುದೆಷ್ಟು?

ಇಂದು ಜಗತ್ತಿನ ಪಾಲಿಸಿಲಿಕಾನ್‌ನ ಬಹುಪಾಲು ಬರುವುದು ಚೀನಾದಿಂದ. ಅದರ ಷಿನ್‌ಜಿಯಾಂಗ್ ಪ್ರಾಂತ್ಯದಲ್ಲಿ ತಕ್ಲಾಮಕಾನ್ ಮರುಭೂಮಿ ಚಾಚಿಕೊಂಡಿದೆ. ಆದರೂ ಕಾರ್ಖಾನೆಗಳು ಅಲ್ಲಿಗೆ ಹೋದದ್ದು ಮರಳಿಗಾಗಿ ಅಲ್ಲ, ಕಲ್ಲಿದ್ದಲಿನ ಅಗ್ಗದ ಕರೆಂಟಿಗಾಗಿ. ನಮ್ಮಲ್ಲೂ ವಿದ್ಯೆ ಇರಲಿಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂತ್ರಜ್ಞಾನದಿಂದ 1980ರ ದಶಕದಲ್ಲೇ ತಮಿಳುನಾಡಿನ ಮೆಟ್ಟೂರಿನಲ್ಲಿ ಪಾಲಿಸಿಲಿಕಾನ್ ತಯಾರಾಗಿತ್ತು. ಅದು ದೊಡ್ಡದಾಗಿ ಬೆಳೆಯಲಿಲ್ಲ. ಇಂದು ಪ್ಯಾನಲ್ ಜೋಡಿಸುವ ಕಾರ್ಖಾನೆಗಳು ಬೇಕಾದಷ್ಟಿವೆ, ಜೋಡಿಸುವ ಕೆಲಸವೂ ಸಿಗುತ್ತದೆ. ಕುಲುಮೆ, ಶುದ್ಧೀಕರಣ ಬಲ್ಲ ಎಂಜಿನಿಯರ್‌ಗೆ ಇಲ್ಲಿ ಜಾಗವೇ ಕಡಿಮೆ.

'ಥಾರ್ ಇರುವಾಗ ಚೀನಾ ಯಾಕೆ?' ಎನ್ನುವ ಗೆಳೆಯರಿಗೆ ನನ್ನ ಉತ್ತರ ಇಷ್ಟೇ. ಥಾರ್‌ನಿಂದ ತೆಗೆದುಕೊಳ್ಳಬೇಕಾದದ್ದು ಮೊದಲು ಬಿಸಿಲು. ರಾಜಸ್ಥಾನದ ಭಡ್ಲಾ ಸೋಲಾರ್ ಪಾರ್ಕ್ ಒಂದರ ಸಾಮರ್ಥ್ಯವೇ 2245 ಮೆಗಾವಾಟ್. ಅಂಥ ಕರೆಂಟನ್ನು ಹಗಲೂ ರಾತ್ರಿ, ಅಗ್ಗದಲ್ಲಿ ಕುಲುಮೆಗೆ ಕೊಡುವುದು ಹೇಗೆಂದು ತಲೆಕೆಡಿಸಿಕೊಳ್ಳೋಣ. ಆ ಮಟ್ಟಿಗೆ ಕೊಯಿನುಮಾ ಯೋಜನೆಯ ಅರ್ಧ ಭಾಗ ನನಗೆ ಈಗಲೂ ಇಷ್ಟ.

ಮರಳನ್ನು ನಾನು ಪೂರ್ತಿ ಕೈಬಿಟ್ಟಿಲ್ಲ. ಮುಂದಿನ ವರ್ಷದ ಪ್ರಾಜೆಕ್ಟ್‌ಗೆ ಅದನ್ನೇ ಕೇಳಿದ್ದೇನೆ. ಈ ಸಲ ಮೊದಲ ಸ್ಲೈಡ್‌ನಲ್ಲಿ ದಿಬ್ಬದ ಚಿತ್ರ ಇರುವುದಿಲ್ಲ, ಬೋರಾನ್ ಎಷ್ಟೆಂಬ ಲ್ಯಾಬ್ ವರದಿ ಇರುತ್ತದೆ.