ಒಳನಾಡಿನ ಕೆರೆಗಳೂ ಮತ್ಸ್ಯವಿಜ್ಞಾನದ ಪದವೀಧರರೂ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಗೌಡರಿಗೂ ಭೂಮಾಲೀಕರಿಗೂ ಮೀನಿನ ವಿಷಯವನ್ನು ಕುರಿತು ಬರೆಯುವುದು ಕೆಲವರಿಗೆ ವಿನೋದವಾಗಿ ತೋರಬಹುದು. ಸಮುದ್ರವು ಇಲ್ಲಿಂದ ಬಹುದೂರ. ತೊಗರಿ, ಹತ್ತಿ, ಜೋಳ, ಭತ್ತ ಇವೇ ನಮ್ಮ ಮಾತು. ಅದಲ್ಲದೆ ಈ ಪತ್ರಿಕೆಯನ್ನು ಓದತಕ್ಕ ಮಹನೀಯರಲ್ಲಿ ಅನೇಕರು ಮೀನನ್ನು ಮನೆಯ ಹೊಸ್ತಿಲೊಳಗೆ ತರದವರು. ಅಂಥವರಿಗೆ ಮೀನನ್ನು ತಿನ್ನಿರೆಂದು ಹೇಳಲು ನಾನು ಬಂದವನಲ್ಲ. ಆದರೆ ಊರಿನ ಕೆರೆಯ ವಿಚಾರದಲ್ಲಿ ತಮ್ಮ ಮಾತು ನಡೆಯುವುದು. ಕೆರೆಯ ಕೆಳಗಿನ ಹೊಲಗದ್ದೆಗಳು ತಮ್ಮವು. ಹರಾಜಿನ ದಿವಸ ಪಂಚಾಯತಿಯ ಕಟ್ಟೆಯ ಮೇಲೆ ಕೂಡತಕ್ಕವರೂ ತಾವೇ. ಆದುದರಿಂದ ಆ ನೀರಿನಲ್ಲಿ ಏನು ಬೆಳೆಯಬೇಕು, ಯಾವ ವಿದ್ಯೆಯಿಂದ ಬೆಳೆಯಬೇಕು ಎಂಬ ಪ್ರಶ್ನೆಯು ತಮ್ಮ ಮುಂದೆಯೇ ಬರತಕ್ಕದ್ದಾಗಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆನು: ನಮ್ಮ ಸೀಮೆಗೆ ನೀರು ಬಂದು ನಾಲ್ವತ್ತು ವರ್ಷಗಳು ಕಳೆದವು, ನೀರಿನ ವಿದ್ಯೆಯು ಮಾತ್ರ ಬರಲಿಲ್ಲ, ಅದು ಬರಬೇಕಾದರೆ ನಮ್ಮ ಮಕ್ಕಳು ಮತ್ಸ್ಯವಿಜ್ಞಾನದಲ್ಲಿ ಪದವಿ ಪಡೆದು ಹಿಂದಿರುಗಬೇಕು.

ನೀರಿನ ಮಾತನ್ನೇ ಮೊದಲು ನೋಡೋಣ. ಕೃಷ್ಣಾನದಿಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರವು 1982ರಲ್ಲಿ ಪೂರ್ಣವಾಯಿತು. ಅದರ ಎಡದಂಡೆ ಕಾಲುವೆಯು ಸುರಪುರ, ಶಹಾಪುರ ತಾಲೂಕುಗಳ ಎರೆಭೂಮಿಯನ್ನು ಭತ್ತದ ಗದ್ದೆಯಾಗಿ ಮಾರ್ಪಡಿಸಿರುವುದನ್ನು ತಾವೆಲ್ಲರೂ ಕಂಡಿರುವಿರಿ. ಯಾದಗಿರಿ ತಾಲೂಕಿನಲ್ಲಿ ಹತ್ತಿಕುಣಿ, ಸೌದಾಗರ ಜಲಾಶಯಗಳಿವೆ. ಸುರಪುರದ ನಾಯಕರ ಕಾಲದಿಂದ ಹೆಸರುಗೊಂಡ ಬೋನಾಳದ ಕೆರೆಗೆ ಇಂದಿಗೂ ದೂರದೇಶದ ಹಕ್ಕಿಗಳು ಬಂದಿಳಿಯುತ್ತವೆ. ನೀರಿನಲ್ಲಿ ಜೀವರಾಶಿಯಿಲ್ಲದೆ ಹಕ್ಕಿ ಇಳಿಯದೆಂಬುದನ್ನು ಹೇಳಬೇಕಾದುದಿಲ್ಲ. ಇವುಗಳ ಜೊತೆಗೆ ಭೀಮೆಯ ಮೇಲಿನ ಬ್ಯಾರೇಜುಗಳ ಹಿಂದೆ ನಿಲ್ಲುವ ನೀರು, ಊರೂರಿನ ಸಣ್ಣ ಕೆರೆಗಳು, 2014ರಲ್ಲಿ ಮೊದಲಾದ ಕೃಷಿಭಾಗ್ಯ ಯೋಜನೆಯಿಂದ ಹೊಲಗಳಲ್ಲಿ ತೋಡಿದ ಕೃಷಿ ಹೊಂಡಗಳು, ಇವೆಲ್ಲವನ್ನೂ ಕೂಡಿಸಿದರೆ ನಮ್ಮದು ಈಗ ಕೇವಲ ಬರದ ಸೀಮೆಯೆಂದು ಹೇಳುವಂತಿಲ್ಲ.

ಆದರೆ ಈ ನೀರಿನಲ್ಲಿ ನಡೆಯುತ್ತಿರುವ ವ್ಯವಸಾಯವು ಎಂತಹದು? ಮಳೆಗಾಲದಲ್ಲಿ ಯಾರೋ ಬಂದು ಯಾವವೋ ಮರಿಗಳನ್ನು ಚೀಲದಲ್ಲಿ ತಂದು ಸುರಿಯುವರು, ಬೇಸಗೆಯಲ್ಲಿ ಬಲೆ ಹಾಕುವರು, ಸಿಕ್ಕಿದ್ದೇ ಲಾಭ. ಹೊಲಕ್ಕೆ ಯಾವ ಬೀಜ, ಎಕರೆಗೆ ಎಷ್ಟು ಸೇರು ಎಂದು ಕೇಳದೆ ಬಿತ್ತುವ ರೈತನನ್ನು ತಾವು ಮೂಢನೆನ್ನುವಿರಿ. ಕೆರೆಯಲ್ಲಿ ಅದೇ ಕೆಲಸವನ್ನು ಮಾಡಿದವನಿಗೆ ಹರಾಜಿನಲ್ಲಿ ಮರುವರ್ಷವೂ ಗುತ್ತಿಗೆ ಕೊಡುವೆವು!

ಕೆರೆಯ ನೀರು ಮೂರು ಅಂತಸ್ತಿನ ಮನೆಯಂತೆ. ಕಾಟ್ಲಾ ಮೀನು ಮೇಲಿನ ಪದರದಲ್ಲಿ ಸೂಕ್ಷ್ಮ ಜಂತುಗಳನ್ನು ತಿಂದು ಬೆಳೆಯುತ್ತದೆ. ರೋಹು ನಡುವಿನ ನೀರಿನದು. ಮೃಗಾಲ್ ತಳದ ಕೊಳೆತ ಕಸವನ್ನು ತಿನ್ನತಕ್ಕದ್ದು. ಮೂರನ್ನೂ ತಕ್ಕ ಪ್ರಮಾಣದಲ್ಲಿ ಬಿಟ್ಟರೆ ಒಂದರ ಅನ್ನವನ್ನು ಇನ್ನೊಂದು ಕಸಿಯುವುದಿಲ್ಲ. ಗೊಬ್ಬರ ಮೇವು ಕೊಟ್ಟು ಸಾಕುವ ಕೊಳಕ್ಕೆ ಎಕರೆಗೆ ಸುಮಾರು 2000 ಬೆರಳುದ್ದದ ಮರಿಗಳು ಸಾಕು. ಆದರೆ ಅದೇ ಲೆಕ್ಕವನ್ನು ಹತ್ತಿಕುಣಿಯಂತಹ ಜಲಾಶಯಕ್ಕೆ ಹಿಡಿಯಲಾಗದು, ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡಕ್ಕೂ ಹಿಡಿಯಲಾಗದು. ಹಾಳೆಯ ಹೊಂಡದಲ್ಲಿ ನೀರಿಗೂ ಮಣ್ಣಿಗೂ ಸಂಪರ್ಕವಿಲ್ಲದ ಕಾರಣ ಮೀನಿನ ಸಹಜ ಆಹಾರವು ತಾನಾಗಿ ಹುಟ್ಟುವುದು ಕಡಿಮೆ. ಜಲಾಶಯದಲ್ಲಿ ಹಿಡಿಯುವ ಜಾತಿಯ ದೊಡ್ಡ ಮೀನುಗಳಿರುವುದರಿಂದ ತೀರ ಸಣ್ಣ ಮರಿಯನ್ನು ಬಿಟ್ಟರೆ ಅದು ಅವುಗಳಿಗೆ ಉಪಾಹಾರವಾಗುವುದು. ಮರಿಯ ಚೀಲವನ್ನು ತಂದೊಡನೆ ಬಿಚ್ಚಿ ಸುರಿಯುವುದೂ ತಪ್ಪು. ಚೀಲದ ನೀರಿಗೂ ಕೆರೆಯ ನೀರಿಗೂ ಶಾಖವು ಸಮವಾಗುವವರೆಗೆ ಅದನ್ನು ಕಟ್ಟಿದಂತೆಯೇ ಕೆರೆಯಲ್ಲಿ ತೇಲಬಿಡತಕ್ಕದ್ದು. ಮುಂಜಾವಿನಲ್ಲಿ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುವುದನ್ನು ಕಂಡು ನಮ್ಮವರು ‘ಆಡುತ್ತಿವೆ’ ಎನ್ನುವರು. ಅವು ಆಡುವುದಿಲ್ಲ, ರಾತ್ರಿಯೆಲ್ಲಾ ಪಾಚಿಯೂ ಕೊಳೆತ ಕಸವೂ ನೀರಿನ ಪ್ರಾಣವಾಯುವನ್ನು ಹೀರಿಬಿಟ್ಟಿರುವುದರಿಂದ ಉಸಿರುಕಟ್ಟಿ ಮೇಲೆ ಬಂದಿರುತ್ತವೆ. ಆ ಹೊತ್ತಿಗೆ ಹೊಸ ನೀರು ಬಿಡಿಸುವವನೋ ನೀರನ್ನು ಕಲಕಿಸುವವನೋ ಇದ್ದರೆ ಫಸಲು ಉಳಿಯುವುದು, ಇಲ್ಲವಾದರೆ ಮಧ್ಯಾಹ್ನದೊಳಗೆ ದಂಡೆಗೆ ಬಿದ್ದಿರುವುದು.

ಇಷ್ಟನ್ನು ನಾನು ಬರೆಯಬಲ್ಲೆನಾದರೂ ನಾನು ಪೈರಿನ ವಿದ್ಯೆಯವನು. ನೀರನ್ನು ಪರೀಕ್ಷಿಸಿ ಸುಣ್ಣ ಎಷ್ಟು, ಸಗಣಿ ಎಷ್ಟು, ಈ ಹುಣ್ಣಿಗೆ ಕಾರಣವೇನು ಎಂದು ನಿಶ್ಚಯವಾಗಿ ಹೇಳಲು ಅದನ್ನೇ ಓದಿದವರು ಬೇಕು.

ಓದಿನಿಂದ ಕೆರೆಗೆ ಏನಾದೀತೆಂದು ಸಂಶಯಪಡುವವರಿಗೆ ಒಂದು ಸಂಗತಿಯನ್ನು ಅರಿಕೆ ಮಾಡುವೆನು. ಮೇಲೆ ಹೇಳಿದ ಮೂರು ಜಾತಿಯ ಮೀನುಗಳು ಮೂಲತಃ ಗಂಗೆಯ ಸೀಮೆಯವು. ನಿಂತ ನೀರಿನಲ್ಲಿ ಅವು ತಾವಾಗಿ ಮೊಟ್ಟೆಯಿಡಲಾರವು. ಆದುದರಿಂದ ಹಿಂದೆ ಮರಿ ಬೇಕಾದರೆ ಪ್ರವಾಹದ ಕಾಲದಲ್ಲಿ ನದಿಯಲ್ಲಿ ಗೋರಿ ತರಬೇಕಾಗಿತ್ತು. ಅದರಲ್ಲಿ ಒಳ್ಳೆಯ ಮರಿಯೊಡನೆ ಕೆಲಸಕ್ಕೆ ಬಾರದ ಮರಿಯೂ ಬೆರೆತು ಬರುತ್ತಿತ್ತು. ಹೀರಾಲಾಲ್ ಚೌಧುರಿಯವರೆಂಬ ಮತ್ಸ್ಯವಿಜ್ಞಾನಿಗಳು ಒಡಿಶಾದ ಅಂಗುಲ್ ಎಂಬಲ್ಲಿ ಪ್ರಯೋಗ ಮಾಡಿ, ಮೀನಿನ ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಸೂಜಿಯಿಂದ ಹಾಕಿ, ಕೊಳದ ಮೀನೇ ಮೊಟ್ಟೆಯಿಡುವಂತೆ 1957ರ ಜುಲೈ 10ರಂದು ಸಾಧಿಸಿದರು. ಇಂದು ಸುರಪುರದ ಒಂದು ಹಳ್ಳಿಯ ಕೆರೆಗೆ ಶುದ್ಧಜಾತಿಯ ಮರಿಗಳು ಚೀಲದಲ್ಲಿ ಬರುತ್ತಿರುವುದು ಆ ವಿದ್ಯೆಯ ಫಲ. ಆ ದಿವಸವನ್ನೇ ದೇಶದಲ್ಲಿ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ನಮ್ಮ ಪೈರಿನ ವಿದ್ಯೆಯಲ್ಲಿಯೂ ಇದು ಹೊಸದಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಮಹಾಶಯರು ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಹೇಳಿಕೊಟ್ಟುದು ಮಲೆನಾಡಿನ ತೋಟದವರಿಗೆ ಈಗಲೂ ನಡೆಯುತ್ತಿದೆ.

ಮತ್ಸ್ಯವಿಜ್ಞಾನದ ಕಾಲೇಜು ನಮ್ಮ ರಾಜ್ಯದಲ್ಲಿ ಮಂಗಳೂರಿನಲ್ಲಿ 1969ರಲ್ಲಿ ಸ್ಥಾಪಿತವಾಯಿತು. ದೇಶದಲ್ಲಿಯೇ ಈ ಬಗೆಯದು ಅದು ಮೊದಲನೆಯದು. ಮೊದಲು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದುದು, 2004ರ ಅಧಿನಿಯಮದಿಂದ ಬೀದರಿನಲ್ಲಿ ಪಶುವೈದ್ಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾನಿಲಯವು ಏರ್ಪಟ್ಟ ಮೇಲೆ ಅದರ ಆಡಳಿತಕ್ಕೆ ಬಂದಿತು. ವಿಶ್ವವಿದ್ಯಾನಿಲಯದ ಕಛೇರಿ ನಮ್ಮ ಕಲಬುರಗಿ ವಿಭಾಗದಲ್ಲಿ, ಕಾಲೇಜು ಕಡಲತೀರದಲ್ಲಿ, ಇದೊಂದು ವಿಚಿತ್ರ. ಪದವಿಯ ಶಿಕ್ಷಣವು ನಾಲ್ಕು ವರ್ಷಗಳದು. ಅದರ ಮೇಲೆ ಎರಡು ವರ್ಷಗಳ ಸ್ನಾತಕೋತ್ತರ ಶಿಕ್ಷಣವೂ, ಅನಂತರ ಡಾಕ್ಟರ್ ಪದವಿಯ ಸಂಶೋಧನೆಯೂ ಉಂಟು. ಮೀನಿನ ತಳಿ, ಮೇವು, ರೋಗ, ನೀರಿನ ರಸಾಯನ, ಬಲೆಯ ಶಾಸ್ತ್ರ, ಹಿಡಿದ ಮೀನನ್ನು ಕೆಡದಂತೆ ಕಾಪಾಡುವ ಕ್ರಮ, ಸಹಕಾರ ಮತ್ತು ಮಾರಾಟ, ಇವೆಲ್ಲವೂ ಪಾಠಗಳು. ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಮೀನು ಸಾಕುವ ಗ್ರಾಮಗಳಲ್ಲಿ ಕೆಲಸ ಕಲಿಯಬೇಕೆಂಬ ನಿಯಮವಿದೆ. ಈ ಕೊನೆಯದನ್ನು ಓದುಗರು ಮರೆಯದಿರಬೇಕು. ಮುಂದೆ ಅದಕ್ಕೆ ಬರುವೆನು.

ಇನ್ನು ವಿಶ್ವಸಂಸ್ಥೆಯ ಮಾತು. 2015ರ ಸೆಪ್ಟೆಂಬರಿನಲ್ಲಿ ಅಲ್ಲಿ ಕೂಡಿದ ರಾಷ್ಟ್ರಗಳು 2030ರೊಳಗೆ ಸಾಧಿಸಬೇಕೆಂದು ಸುಸ್ಥಿರ ಅಭಿವೃದ್ಧಿಯ 17 ಗುರಿಗಳನ್ನು ಒಪ್ಪಿದವು. ಮತ್ಸ್ಯವಿದ್ಯೆಯ ಮಾತು ಬಂದಲ್ಲೆಲ್ಲಾ ವಿದ್ವಾಂಸರು ಹದಿನಾಲ್ಕನೆಯ ಗುರಿಯಾದ ಜಲಜೀವಿಗಳ ರಕ್ಷಣೆಯನ್ನು ಎತ್ತಿ ಹೇಳುವರು. ಆದರೆ ಆ ಗುರಿಯನ್ನು ಓದಿ ನೋಡಿದರೆ ಅದೆಲ್ಲವೂ ಸಾಗರಗಳ ವಿಷಯ. ನಮ್ಮ ಕೆರೆಗಳಿಗೆ ಸಂಬಂಧಪಟ್ಟುದು ಬೇರೆಡೆ ಇದೆ: ಬಡತನ ನೀಗುವ ಒಂದನೆಯದು, ಹಸಿವು ನೀಗುವ ಎರಡನೆಯದು, ಶುದ್ಧ ನೀರಿನ ಆರನೆಯದು, ಒಳನಾಡಿನ ಸಿಹಿನೀರಿನ ನೆಲೆಗಳನ್ನು ಕಾಪಾಡೆನ್ನುವ ಹದಿನೈದನೆಯದು. ಇವುಗಳಲ್ಲಿ ಎರಡನೆಯದು ನಮ್ಮನ್ನು ಮುಟ್ಟುವಷ್ಟು ರಾಜ್ಯದ ಬೇರೆ ಕಡೆಯವರನ್ನು ಮುಟ್ಟಲಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಯಾದಗಿರಿ ಜಿಲ್ಲೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ತಮ್ಮ ಹೊಲದಲ್ಲಿ ಹತ್ತಿ ಬಿಡಿಸುವ ಹೆಂಗಸಿನ ಬಗಲಲ್ಲಿರುವ ಕೂಸು ಆ ಲೆಕ್ಕದೊಳಗಿನದು. ಮೀನು ತಿನ್ನತಕ್ಕ ಆ ಮನೆಗಳಿಗೆ ನೂರು ಗ್ರಾಂ ಮೀನಿನಿಂದ 16ರಿಂದ 18 ಗ್ರಾಂ ಸಸಾರಜನಕವು ದೊರೆಯುತ್ತದೆ. ಮುಳ್ಳುಸಹಿತ ತಿನ್ನುವ ಸಣ್ಣ ಮೀನಿನಲ್ಲಿ ಎಲುಬಿಗೆ ಬೇಕಾದ ಸುಣ್ಣದ ಅಂಶವೂ ಇದೆ. ಈ ಸಣ್ಣ ಮೀನನ್ನು ಗುತ್ತಿಗೆದಾರನು ಕಳೆಯೆಂದು ಭಾವಿಸುವನು. ಕಲಿತವನಾದರೆ ಅದನ್ನು ಊರಿನವರಿಗೆ ಉಳಿಸಿಕೊಟ್ಟು ದೊಡ್ಡದನ್ನು ಪೇಟೆಗೆ ಕಳುಹಿಸುವ ಉಪಾಯವನ್ನು ಹೇಳುವನು.

ನೀರು ಕೆಡುತ್ತಿರುವುದನ್ನೂ ಹೇಳದೆ ಬಿಡಲಾರೆನು. ಹತ್ತಿಗೂ ಭತ್ತಕ್ಕೂ ಹೊಡೆಯುವ ಔಷಧಿಗಳಲ್ಲಿ ಪೈರೆಥ್ರಾಯ್ಡ್ ಜಾತಿಯವು ಮನುಷ್ಯನಿಗಿಂತ ಮೀನಿಗೆ ಬಹಳ ಉಗ್ರವಾದುವು; ಅತ್ಯಲ್ಪ ಪ್ರಮಾಣವೂ ಅದನ್ನು ಕೊಲ್ಲುತ್ತದೆ. ಗದ್ದೆಯಿಂದ ಬಸಿದ ನೀರು ಹಳ್ಳದ ಮೂಲಕ ಕೆರೆಗೆ ಇಳಿಯುವುದು. ಪಂಪನ್ನು ಕೆರೆಯ ದಂಡೆಯಲ್ಲಿ ತೊಳೆಯುವ ಆಳುಗಳನ್ನು ಯಾರೂ ತಡೆಯುವುದಿಲ್ಲ. ಕಾಯಿಕೊರಕಕ್ಕೆ ಔಷಧಿ ಹೇಳುವ ನಮ್ಮಂಥವರ ಬಾಯಲ್ಲಿಯೂ ಕೆಳಗಿನ ಕೆರೆಯ ಮಾತು ಬರುವುದು ಅಪರೂಪ. ಪೈರನ್ನು ಓದಿದವನು ಪೈರನ್ನೇ ನೋಡುವನು. ಶಹಾಪುರ ತಾಲೂಕಿನ ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜು ಇದೆ; ಮೀನಿನ ಪದವೀಧರನೊಬ್ಬನು ಅದರ ಅಧ್ಯಾಪಕರೊಡನೆ ಕೂಡಿ ಒಂದೇ ಕಾಲುವೆಯ ಗದ್ದೆಯನ್ನೂ ಕೆರೆಯನ್ನೂ ನೋಡಿದರೆ, ಯಾವ ಔಷಧಿಯನ್ನು ಯಾವಾಗ ಹೊಡೆದು ಎಷ್ಟು ದಿವಸ ಗದ್ದೆಯ ನೀರನ್ನು ಕಟ್ಟಿ ನಿಲ್ಲಿಸಬೇಕೆಂಬುದು ನಿರ್ಧಾರವಾಗುವುದು. ಇಂತಹ ನಿರ್ಧಾರಕ್ಕೇ ಸುಸ್ಥಿರವೆಂಬ ಶಬ್ದವು ಸಲ್ಲತಕ್ಕದ್ದು.

ಪದವೀಧರರನ್ನು ಮಾತ್ರ ಹೊಗಳಿ ಬಿಡುವುದು ನ್ಯಾಯವಲ್ಲ. ಅವರಲ್ಲಿ ಕೆಲವರು ಬ್ಯಾಂಕಿನ ಕೃಷಿ ಅಧಿಕಾರಿಯ ಹುದ್ದೆಯನ್ನೋ ಪಟ್ಟಣದ ಉದ್ಯೋಗವನ್ನೋ ಹಿಡಿದು ಬಲೆಯ ಕಡೆ ಮತ್ತೆ ನೋಡುವುದಿಲ್ಲ. ಕಡಲ ಪಕ್ಕದಲ್ಲಿ ಓದಿದವನಿಗೆ ನಮ್ಮ ಬೇಸಗೆಯ ಕೆರೆಯು ಅಪರಿಚಿತ. ಎಡದಂಡೆ ಕಾಲುವೆಯು ಮುಚ್ಚಿದ ಮೇಲೆ ಒಂದೆರಡು ತಿಂಗಳಲ್ಲಿ ನೆಲ ಕಾಣುವ ಕೆರೆಗೆ ಯಾವ ಮೀನು, ಯಾವ ತಿಂಗಳಿನಲ್ಲಿ ಎತ್ತಬೇಕು ಎಂಬುದನ್ನು ಅವನು ಇಲ್ಲಿಯೇ ಕಲಿಯಬೇಕು. ಕೊನೆಯ ವರ್ಷದ ಗ್ರಾಮವಾಸಕ್ಕೆ ಮಹತ್ತ್ವವಿರುವುದು ಇದರಿಂದಲೇ. ಆ ವಿದ್ಯಾರ್ಥಿಗಳು ಕರಾವಳಿಯ ಸುತ್ತಲೇ ಉಳಿಯದೆ ಕೃಷ್ಣೆ ಭೀಮೆಗಳ ನಡುವೆಯೂ ಬರುವಂತೆ ನಮ್ಮ ಪಂಚಾಯತಿಗಳು ಬೀದರಿನ ವಿಶ್ವವಿದ್ಯಾನಿಲಯಕ್ಕೆ ಬರೆದು ಕೇಳಿಕೊಳ್ಳಬೇಕು. ಉಳಿಯಲು ಒಂದು ಮನೆಯನ್ನೂ ನೋಡಲು ಒಂದು ಕೆರೆಯನ್ನೂ ಒದಗಿಸಿಕೊಡಬೇಕು. ಕೆರೆಯನ್ನು ಒಂದೊಂದೇ ವರ್ಷಕ್ಕೆ ಹರಾಜು ಹಾಕುವ ಪದ್ಧತಿ ಇರುವಲ್ಲಿ ಅದನ್ನೂ ಬಿಡತಕ್ಕದ್ದು. ಒಂದು ವರ್ಷದ ಗುತ್ತಿಗೆದಾರನು ಮರಿ ಮೀನನ್ನೂ ಬಿಡದೆ ಗೋರುವನು. ನಿಷೇಧವಿದ್ದರೂ ಆಫ್ರಿಕದ ಕ್ಯಾಟ್‌ಫಿಶ್ ತಂದು ಬಿಡಲು ಹಿಂಜರಿಯನು. ಆ ಮೀನು ಸಿಕ್ಕಿದ ಜೀವವನ್ನೆಲ್ಲಾ ನುಂಗತಕ್ಕದ್ದು. ಪ್ರವಾಹದಲ್ಲಿ ಕೆರೆಯಿಂದ ನದಿಗೆ ಇಳಿದರೆ ಅದನ್ನು ಹಿಂದಕ್ಕೆ ತರುವ ಬಲೆಯು ಯಾರಲ್ಲಿಯೂ ಇಲ್ಲ.

ಓದತಕ್ಕವರು ಯಾರು ಎಂಬುದೊಂದು ಉಳಿಯಿತು. ತಮ್ಮ ಮನೆಯ ಮಕ್ಕಳು ಹೋಗಲಿ, ಸಂತೋಷ. ಆದರೆ ಅಂಬಿಗರ, ಕಬ್ಬಲಿಗರ ಕೇರಿಯಲ್ಲಿ ಹರಿಗೋಲಿನಲ್ಲಿಯೇ ಬೆಳೆದು ವಿಜ್ಞಾನದ ಪಿ.ಯು.ಸಿ. ಮುಗಿಸಿದ ಹುಡುಗನೋ ಹುಡುಗಿಯೋ ಇದ್ದರೆ ಮೊದಲು ಅವರನ್ನು ಕಳುಹಿಸಬೇಕೆಂದು ನನ್ನ ಸ್ಪಷ್ಟವಾದ ಮತ. ನದಿಯ ಗುಣವನ್ನು ಅವರಿಗೆ ಕಲಿಸಬೇಕಾಗಿಲ್ಲ. ಕಲಿತು ಬಂದರೆ ಮೀನುಗಾರರ ಸಹಕಾರ ಸಂಘದಲ್ಲಿ ಅವರ ಮಾತಿಗೆ ಬೆಲೆಯಿರುವುದು. ಸಂವಿಧಾನದ 371ಜೆ ವಿಧಿಯಂತೆ ನಮ್ಮ ಭಾಗದವರಿಗೆ ಈ ಭಾಗದ ಹೊರಗಿನ ರಾಜ್ಯಮಟ್ಟದ ವಿದ್ಯಾಸಂಸ್ಥೆಗಳಲ್ಲಿಯೂ ಶೇಕಡಾ 8ರಷ್ಟು ಸ್ಥಾನಗಳು ಮೀಸಲಾಗಿವೆ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಸ್ಥಾನಗಳೂ ಉಂಟು, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯನ್ನು ಕೊಡಬೇಕಾಗುವುದು. ಪ್ರವೇಶವು ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ. ಭೌತ, ರಸಾಯನ, ಜೀವಶಾಸ್ತ್ರಗಳನ್ನು ಓದಿರಬೇಕು. ಇದಕ್ಕೆ ಬೇಕಾಗುವ 371ಜೆ ಅರ್ಹತಾ ಪ್ರಮಾಣಪತ್ರ, ಜಾತಿ ಮತ್ತು ಆದಾಯದ ಪ್ರಮಾಣಪತ್ರ ವಗೈರೆ ಕಾಗದಗಳು ತಹಶೀಲ್ದಾರರ ಮೂಲಕ ದೊರೆಯಲು ದಿವಸಗಳು ಹಿಡಿಯುತ್ತವೆ. ಕೇರಿಯ ಮಕ್ಕಳು ಅನೇಕವೇಳೆ ಹಿಂದೆ ಬೀಳುವುದು ಅಂಕಗಳಿಂದಲ್ಲ, ಈ ಕಾಗದಗಳಿಂದ. ಗೌಡರು ಮನಸ್ಸು ಮಾಡಿ ಒಂದು ದಿವಸ ಅವರೊಡನೆ ತಾಲೂಕು ಕಛೇರಿಗೆ ಹೋಗಿಬಂದರೆ ಆ ಕೆಲಸವು ಆಗುವುದು. ಅರ್ಜಿಗಳನ್ನು ಕರೆಯುವುದಕ್ಕೆ ಮುಂಚೆಯೇ ಇದನ್ನು ಮಾಡಿಸಿಟ್ಟಿರಬೇಕೆಂದು ಕೇಳಿಕೊಳ್ಳುತ್ತೇನೆ.