ಸಂದೇಹ–ಸಮಾಧಾನ: ಒಳಬರುವ ಬಾಗಿಲು, ಹೊರಹೋಗುವ ಬಾಗಿಲು

ಕಲ್ಮಲದ ಹಿರಿಯ ಓದುಗರೊಬ್ಬರ ಪತ್ರ ಈ ತಿಂಗಳು ನಮ್ಮ ಕೈಸೇರಿದೆ. ಅವರ ತಮ್ಮನ ಮಗ ಉದ್ಯೋಗಕ್ಕೆಂದು ಬೆಂಗಳೂರಿಗೆ ಹೋದವನು, ವ್ಯಕ್ತಿತ್ವ ವಿಕಸನದ ಶಿಬಿರವೊಂದನ್ನು ಸೇರಿ, ಕ್ರಮೇಣ ಆ ಗುಂಪಿನವನೇ ಆಗಿಬಿಟ್ಟಿದ್ದಾನೆ. ಸಂಬಳವೆಲ್ಲ ಅಲ್ಲಿಗೇ ಸಲ್ಲುತ್ತಿದೆ. ಮನೆಯವರ ಫೋನಿಗೆ ಉತ್ತರವಿಲ್ಲ. ಅಮೆರಿಕದ ಸೈಂಟಾಲಜಿ ಪಂಥದ ವಿಷಯವನ್ನು ಓದಿದಾಗ ಇದೂ ಅದೂ ಒಂದೇ ಬಗೆಯವೆಂದು ಅವರಿಗೆ ತೋರಿದೆ. ಅವರು ಕೇಳಿರುವ ಪ್ರಶ್ನೆಗಳು ಇನ್ನೂ ಹಲವು ಮನೆಗಳವೂ ಆಗಿರಬಹುದಾದ್ದರಿಂದ ಇಲ್ಲಿಯೇ ಉತ್ತರಿಸುತ್ತಿದ್ದೇವೆ.

ಪ್ರಶ್ನೆ: ಸೈಂಟಾಲಜಿಯವರ ನಂಬಿಕೆ ಎಂಥದು?

ಉತ್ತರ: ವೈಜ್ಞಾನಿಕ ಕಥೆಗಳ ಲೇಖಕ ಎಲ್. ರಾನ್ ಹಬ್ಬಾರ್ಡ್ 1950ರಲ್ಲಿ ‘ಡಯಾನೆಟಿಕ್ಸ್’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಕೆಲವೇ ವರ್ಷಗಳಲ್ಲಿ ಆ ವಿಚಾರ ಧರ್ಮಸಂಸ್ಥೆಯ ರೂಪ ತಾಳಿತು. ಮನುಷ್ಯನು ಮೂಲತಃ ‘ಥೀಟನ್’ ಎಂಬ ಅಮರ ಚೇತನ. ಹಳೆಯ ನೋವಿನ ನೆನಪುಗಳು ಅವನನ್ನು ಬಂಧಿಸಿವೆ. ‘ಆಡಿಟಿಂಗ್’ ಎಂಬ ಪ್ರಶ್ನೋತ್ತರ ಕ್ರಿಯೆಯಿಂದ ಅವನಿಗೆ ಬಿಡುಗಡೆ ದೊರೆಯುತ್ತದೆ ಎಂಬುದು ಅವರ ಬೋಧನೆಯ ಸಾರ. ಆ ಕ್ರಿಯೆಯಲ್ಲಿ ಸಾಧಕನು ‘ಇ-ಮೀಟರ್’ ಎಂಬ ಉಪಕರಣದ ಎರಡು ಲೋಹದ ಡಬ್ಬಿಗಳನ್ನು ಹಿಡಿದಿರುತ್ತಾನೆ. ಅದರ ಮುಳ್ಳಿನ ಚಲನೆಯಿಂದ ಅವನ ಮನಸ್ಸನ್ನು ಅಳೆಯುತ್ತಾರೆ. ಮೇಲೇರಲು ಮೆಟ್ಟಿಲು ಮೆಟ್ಟಿಲಿಗೂ ಹಣ ತೆರಬೇಕು. ಮೇಲಿನ ಮೆಟ್ಟಿಲಿನ ಬೋಧನೆ ಕೆಳಗಿನವರಿಗೆ ಗುಪ್ತ. ಏಳೂವರೆ ಕೋಟಿ ವರ್ಷಗಳ ಹಿಂದೆ ‘ಜೀನು’ ಎಂಬ ಅನ್ಯಲೋಕದ ಅರಸನು ಅಸಂಖ್ಯ ಜೀವಿಗಳನ್ನು ಭೂಮಿಗೆ ತಂದು ಕೊಂದನೆಂಬ ಕಥೆ ಅಂಥ ಗುಪ್ತ ಬೋಧನೆಗಳಲ್ಲೊಂದು. 1985ರಲ್ಲಿ ನ್ಯಾಯಾಲಯದ ದಾಖಲೆಗಳ ಮೂಲಕ ಅದು ಪತ್ರಿಕೆಗಳಿಗೆ ಬಂದಿತು.

ಈ ಕಥೆ ವಿಚಿತ್ರವೆಂದು ನಕ್ಕು ಸುಮ್ಮನಾಗುವುದು ತರವಲ್ಲ. ಹೊರಗಿನವರ ಕಣ್ಣಿಗೆ ಪ್ರತಿ ಧರ್ಮದ ಪುರಾಣವೂ ವಿಚಿತ್ರವೇ. ನೋಡಬೇಕಾದದ್ದು ನಂಬಿದವನ ಬದುಕು ಏನಾಯಿತೆಂಬುದನ್ನು. 1967ರಲ್ಲಿ ಆರಂಭವಾದ ಅವರ ‘ಸೀ ಆರ್ಗ್’ ದಳವನ್ನು ಸೇರುವವರು ನೂರು ಕೋಟಿ ವರ್ಷಗಳ ಸೇವೆಯ ಪತ್ರಕ್ಕೆ ಸಹಿ ಹಾಕುತ್ತಾರೆ. ಪಂಥವನ್ನು ವಿರೋಧಿಸುವ ಬಂಧುವನ್ನು ‘ದಮನಕಾರಿ ವ್ಯಕ್ತಿ’ ಎಂದು ಸಾರಿದರೆ, ಅವನೊಡನೆ ಸಂಬಂಧ ಕಡಿದುಕೊಳ್ಳುವ ಪದ್ಧತಿಯಿದೆ. ಅದು ಸದಸ್ಯರ ಸ್ವಂತ ನಿರ್ಧಾರವೆಂದು ಸಂಸ್ಥೆ ಹೇಳುತ್ತದೆ. ಅದು ಬಲವಂತವೆಂದು ಬಿಟ್ಟುಬಂದ ಅನೇಕರು ಹೇಳುತ್ತಾರೆ. ಅಮೆರಿಕ 1993ರಲ್ಲಿ ಆ ಸಂಸ್ಥೆಗೆ ತೆರಿಗೆ ವಿನಾಯಿತಿ ನೀಡಿತು. ಫ್ರಾನ್ಸಿನ ನ್ಯಾಯಾಲಯ 2009ರಲ್ಲಿ ವಂಚನೆಯ ಅಪರಾಧಿಯೆಂದು ತೀರ್ಪಿತ್ತಿತು, 2013ರಲ್ಲಿ ಆ ತೀರ್ಪು ಸ್ಥಿರವಾಯಿತು.

ಪ್ರಶ್ನೆ: ಓದಿದ ಹುಡುಗರು ಸಿಲುಕುವುದೇಕೆ? ನಮ್ಮ ನಾಡಿನಲ್ಲಿಯೂ ಇಂಥದುಂಟೆ?

ಉತ್ತರ: ಅವರು ಸಿಲುಕುವುದು ದಡ್ಡತನದಿಂದಲ್ಲ, ಒಂಟಿತನದಿಂದ. ಕಲ್ಮಲ, ದೇವದುರ್ಗ, ಮಾನ್ವಿಗಳ ಓಣಿಯಲ್ಲಿ ಎಲ್ಲರೂ ಹೆಸರು ಹಿಡಿದು ಕರೆಯುತ್ತಿದ್ದ ಹುಡುಗ, ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಜ್ವರ ಬಂದು ಮಲಗಿದರೆ ಕೇಳುವವರಿಲ್ಲ. ಅಂಥ ವೇಳೆಯಲ್ಲಿ ಅಕ್ಕರೆಯಿಂದ ಮಾತನಾಡಿಸಿದವರೇ ಬಂಧುಗಳಾಗುತ್ತಾರೆ. ಮೊದಲು ಒಂದು ಭಾನುವಾರ, ಅನಂತರ ಒಂದು ವಾರದ ಶಿಬಿರ, ಆಮೇಲೆ ಸಂಬಳ, ಕೊನೆಗೆ ಸಂಬಂಧ. ಅಮೆರಿಕದ ಮನೋವೈದ್ಯ ರಾಬರ್ಟ್ ಜೇ ಲಿಫ್ಟನ್ 1961ರ ತಮ್ಮ ಗ್ರಂಥದಲ್ಲಿ ಇಂಥ ಹಿಡಿತದ ಲಕ್ಷಣಗಳನ್ನು ವಿವರಿಸಿದರು: ಹೊರಗಿನ ಸುದ್ದಿಗೆ ತಡೆ, ಗುಂಪಿನದೇ ನುಡಿಗಟ್ಟು, ಪದೇ ಪದೇ ತಪ್ಪೊಪ್ಪಿಗೆ.

ನಮ್ಮ ನಾಡಿನ ಉದಾಹರಣೆ ಬಿಡದಿಯದು. 2010ರಲ್ಲಿ ನಿತ್ಯಾನಂದರ ಮೇಲೆ ಆರೋಪಗಳು ಕೇಳಿಬಂದಾಗ, ಒಳಗಿನ ಸಂಗತಿಗಳನ್ನು ಹೊರಗೆ ಹೇಳುವುದಿಲ್ಲವೆಂಬ ಕರಾರಿಗೆ ಅಲ್ಲಿ ಸಹಿ ಪಡೆಯುತ್ತಿದ್ದುದೂ ಬೆಳಕಿಗೆ ಬಂದಿತು. ಆರೋಪಗಳನ್ನು ಅವರು ಅಲ್ಲಗಳೆದರು. 2019ರಲ್ಲಿ ಬೆಂಗಳೂರಿನ ದಂಪತಿಗಳು, ಅವರ ಗುರುಕುಲಕ್ಕೆ ತಾವೇ ಕಳುಹಿಸಿದ್ದ ಮಕ್ಕಳನ್ನು ಅಹಮದಾಬಾದಿನ ಆಶ್ರಮದಲ್ಲಿ ಕಾಣಲು ಬಿಡುತ್ತಿಲ್ಲವೆಂದು ಗುಜರಾತ್ ಹೈಕೋರ್ಟಿನ ಮೊರೆಹೊಕ್ಕರು. ವಯಸ್ಕರಾದ ಇಬ್ಬರು ಪುತ್ರಿಯರು ವಿದೇಶದಿಂದ ವಿಡಿಯೊ ಮೂಲಕ ತಾವು ಸ್ವಇಚ್ಛೆಯಿಂದ ಇರುವುದಾಗಿ ಹೇಳಿದ ಮೇಲೆ 2024ರಲ್ಲಿ ಆ ಅರ್ಜಿ ಮುಗಿಯಿತು.

ಇದೇ ಅಳತೆಗೋಲು ನಮ್ಮ ಮಠಗಳಿಗೂ ನಮ್ಮ ಮನೆಗಳಿಗೂ ಸಲ್ಲಬೇಕು. ಮುಕ್ತಾಯಕ್ಕ ಅಲ್ಲಮಪ್ರಭುಗಳೊಡನೆಯೇ ವಾದಕ್ಕೆ ನಿಂತ ಪ್ರಸಂಗವನ್ನು ‘ಶೂನ್ಯಸಂಪಾದನೆ’ ಗೌರವದಿಂದ ದಾಖಲಿಸಿದೆ. ಒಳಬರುವ ಬಾಗಿಲು ಎಲ್ಲ ಕಡೆಗೂ ಅಗಲವಾಗಿಯೇ ಇರುತ್ತದೆ. ಪ್ರಶ್ನೆ ಕೇಳಬಹುದೆ, ಹಣದ ಲೆಕ್ಕ ನೋಡಬಹುದೆ, ನಿಂದೆಯಿಲ್ಲದೆ ಹೊರಹೋಗಬಹುದೆ ಎಂಬುದೇ ಪರೀಕ್ಷೆ.

ಪ್ರಶ್ನೆ: ಮನೆಯವರು ಈಗ ಏನು ಮಾಡಬೇಕು?

ಉತ್ತರ: ಸೇರಿದವರು ಅಪ್ರಾಪ್ತ ವಯಸ್ಕರಾದರೆ ತಡಮಾಡದೆ ಪೊಲೀಸರಿಗೆ ಅಥವಾ 1098 ಮಕ್ಕಳ ಸಹಾಯವಾಣಿಗೆ ತಿಳಿಸಬೇಕು. ವಯಸ್ಕನಾದರೆ ತನ್ನ ನಂಬಿಕೆಯನ್ನು ಆರಿಸಿಕೊಳ್ಳುವ ಹಕ್ಕನ್ನು ಸಂವಿಧಾನವೇ ಅವನಿಗೆ ಕೊಟ್ಟಿದೆ, ಎಳೆದು ತರಲಾಗದು. ಇಚ್ಛೆಗೆ ವಿರುದ್ಧವಾಗಿ ಕೂಡಿಹಾಕಿದ್ದಾರೆಂಬುದಕ್ಕೆ ಆಧಾರವಿದ್ದರೆ ವಕೀಲರನ್ನು ಕಂಡು ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಬಹುದು. ಅಲ್ಲಿಯೂ ಕೊನೆಗೆ ಕೇಳುವುದು ಅವನ ಮಾತನ್ನೇ.

ಆದ್ದರಿಂದ ಮನೆಯವರ ಕೈಯಲ್ಲಿ ಉಳಿಯುವುದು ಸಂಬಂಧವೊಂದೇ. ಅವನ ಗುರುವನ್ನು ಹಳಿಯಬೇಡಿರಿ. ಹಳಿದಷ್ಟೂ ಅವನು ಗುರುವಿನ ಪರವಾಗಿಯೇ ನಿಲ್ಲುತ್ತಾನೆ. ‘ಇನ್ನು ನೀನು ನಮ್ಮವನಲ್ಲ’ ಎಂಬ ಮಾತು ಸಿಟ್ಟಿನಲ್ಲಿಯೂ ಬಾರದಿರಲಿ. ಮನೆಯವರು ನಿನ್ನ ಶತ್ರುಗಳೆಂದು ಹೇಳಿಕೊಟ್ಟವರ ಮಾತನ್ನು ನಿಜ ಮಾಡಿದಂತಾಗುತ್ತದೆ. ಸಾಲ ಮಾಡಿ ಹಣ ಕಳುಹಿಸಬೇಡಿರಿ. ಆದರೆ ಪತ್ರ ಬರೆಯುವುದನ್ನು ನಿಲ್ಲಿಸಬೇಡಿರಿ. ಅವನ ಅವ್ವ ಉಂಡಳೋ ಇಲ್ಲವೋ, ತೊಗರಿ ಹೇಗೆ ಬಂದಿದೆ, ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಯಾರು ಯಾರು ಹೋದರು, ಇಷ್ಟು ಬರೆದರೆ ಸಾಕು. ಉತ್ತರ ಬಾರದಿದ್ದರೂ ಬರೆಯಿರಿ. ಎಂದಾದರೊಂದು ದಿನ ಅವನಲ್ಲಿ ಸಂದೇಹ ಹುಟ್ಟಿದಾಗ, ಹೋಗಲು ತನಗೊಂದು ಮನೆಯಿದೆಯೆಂಬ ಧೈರ್ಯ ಅವನಿಗೆ ಇರಬೇಕು. ಬಂದ ದಿನ ‘ಮೊದಲೇ ಹೇಳಿರಲಿಲ್ಲವೆ’ ಎನ್ನದೆ ಊಟಕ್ಕೆ ಬಡಿಸಿರಿ.